ಮೂರು, ಮೂರೂವರೆ, ನಾಲ್ಕು

ಗುರಣ್ಣ ಬಳೂಟಗಿಯ ಆ ದಿನದ ಪಡಿಪಾಟಲಿಗೆಲ್ಲ ಮೂಲ, ಎಲೆಕ್ಟ್ರಿಶಿಯನ್ ಅಮರ ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ ಒಂದು ಮಾತು. "ಮೀಟರಿನಿಂದ ಮಷಿನ್ ತನಕಾ ಒಂದ್ ಕೇಬಲ್ ತಂದ ಇಡ್ರಿ ಕಾಕಾ, ನಾ ಬಂದ ಜೋಡಿಸಿ ಹೋಗ್ತೀನಿ." ಯಾವ ಕೇಬಲ್ಲು ಎಂದು ಗುರಣ್ಣ ಕೇಳುವುದರೊಳಗೆ ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಅಮರ ಎತ್ತಲಿಲ್ಲ. ತ್ರೀ ಫೇಜಿನ ಮಷಿನ್ನಿಗೆ ಯಾವ ಕೇಬಲ್ಲು ಅಂತ ಕೇಳುವುದಾದರೂ ಏನಿದೆ, ಮೂರು ಫೇಜು ಅಂದ ಮೇಲೆ ಮೂರು ತಂತಿಯದು ಎಂದು ಗುರಣ್ಣ ತಾನೇ ತೀರ್ಮಾನ ಮಾಡಿಕೊಂಡ. ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಅರ್ಧ ಆಯುಷ್ಯ ಗುಮಾಸ್ತಗಿರಿ ಮಾಡಿದವನು. ಅಷ್ಟು ಲೆಕ್ಕ ತನಗೆ ಬರುತ್ತದೆ ಎಂಬ ಧೈರ್ಯ ಅವನಿಗಿತ್ತು.

ಮಷಿನ್ನು ಎಂದರೆ ರೊಟ್ಟಿ ಮಷಿನ್ನು. ಹೆಂಡತಿ ಸಾಬವ್ವ ಪುಣೆಯ ಕೋಥರೂಡಿನ ಅವರ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಜೋಳದ ರೊಟ್ಟಿ ಮಾರಲು ಶುರು ಮಾಡಿ ಎರಡು ವರ್ಷವಾಗಿತ್ತು. ಮೊದಮೊದಲು ಅಕ್ಕಪಕ್ಕದ ನಾಲ್ಕು ಮನೆ, ಆಮೇಲೆ ಇಡೀ ಓಣಿ, ಈಚೆಗೆ ಸದಾನಂದ ಶೆಟ್ಟರ ಹೋಟೆಲ್ಲು. ಆಕೆಯ ರೊಟ್ಟಿಗೆ ಅಷ್ಟು ಹೆಸರು ಬಂದಿತ್ತು. ಆ ಹೆಸರಿನ ಹಿಂದೆ ಒಂದು ಗುಟ್ಟಿತ್ತು, ಅದು ಗಂಡ ಹೆಂಡತಿ ಇಬ್ಬರನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಕಳೆದ ದೀಪಾವಳಿಗೆ ಸಾಬವ್ವನ ಬಲಭುಜ ಹಿಡಿದುಕೊಂಡು ಕೈ ಕಿವಿಯ ಮಟ್ಟಕ್ಕೂ ಏಳದಂತಾಗಿತ್ತು. ಅಂದಿನಿಂದ ರೊಟ್ಟಿ ಬಡಿಯುತ್ತಿದ್ದವನು ಗುರಣ್ಣ.

ಅಕ್ಕತಂಗಿಯರಿಲ್ಲದ ಮನೆಯಲ್ಲಿ ಬೆಳೆದ ಅವನಿಗೆ ಅವ್ವ ಸಣ್ಣವನಿದ್ದಾಗಲೇ ರೊಟ್ಟಿ ಬಡಿಯಲು ಕಲಿಸಿದ್ದಳು. ಕಲಿತದ್ದು ಇಷ್ಟು ವರ್ಷದ ಮೇಲೆ ಹೀಗೆ ಕುತ್ತಿಗೆಗೆ ಬರುತ್ತದೆಂದು ಅವನು ಎಣಿಸಿರಲಿಲ್ಲ. ಬೆಳಗಿನ ಜಾವ ಎದ್ದು, ಅಡುಗೆಮನೆಯ ಕಿಟಕಿಗೆ ದಪ್ಪ ಪರದೆ ಎಳೆದು, ಬನಿಯನ್ನಿನಲ್ಲಿ ಕೂತು ಪಟಪಟ ಬಡಿಯುತ್ತಿದ್ದ. ಕೆಳಗಿನ ಮನೆಯ ಮನೋಹರಪಂತ ಆಪಟೆಯವರು ಆ ಸದ್ದು ಕೇಳಿ, ಸಾಬವ್ವ ನಸುಕಿನಲ್ಲಿ ಚಪ್ಪಾಳೆ ತಟ್ಟಿ ಭಜನೆ ಮಾಡುತ್ತಾಳೆಂದು ನಂಬಿ ಸೊಸೈಟಿಯ ತುಂಬ ಹೊಗಳಿಕೊಂಡು ಬಂದಿದ್ದರು. ಬಡಿದು ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಅಡತಿಗೆ ಹೋದರೆ ಮಧ್ಯಾಹ್ನದೊಳಗೆ ಗುರಣ್ಣನ ತಲೆ ಗಲ್ಲಾಪೆಟ್ಟಿಗೆಯ ಮೇಲೆ ಜೋಲುತ್ತಿತ್ತು. ನಿದ್ದೆಯಿಲ್ಲದ್ದಕ್ಕಿಂತ ಭಯ ದೊಡ್ಡದು. ಹೆಂಡತಿಯ ಹೆಸರಿನಲ್ಲಿ ರೊಟ್ಟಿ ಬಡಿಯುವ ಗಂಡಸು ಎಂದು ಅಡತಿಯಲ್ಲಿ ಗೊತ್ತಾದರೆ ಹಮಾಲರು ಮೆಣಸಿನಕಾಯಿ ಚೀಲ ಇಳಿಸಿಟ್ಟು ನಗುತ್ತಾರೆ.

ಆದ್ದರಿಂದಲೇ ಮಷಿನ್ನು. ಕೊಲ್ಹಾಪುರದಿಂದ ಬಂದ ಅದು ಹಿಟ್ಟು ನಾದುತ್ತದೆ, ಉಂಡೆ ಕತ್ತರಿಸುತ್ತದೆ, ಒತ್ತುತ್ತದೆ, ಗ್ಯಾಸಿನ ಮೇಲೆ ಬೇಯಿಸಿ ಆಚೆಗೆ ನೂಕುತ್ತದೆ. ಅದಕ್ಕಾಗಿ ಸೊಸೈಟಿಯ ನೆಲಮಹಡಿಯಲ್ಲಿ, ಮುರಿದ ಕುರ್ಚಿ ಮತ್ತು ಗಣಪತಿ ಮಂಟಪದ ಸಾಮಾನು ತುಂಬಿದ್ದ ಕತ್ತಲೆಯ ಉದ್ದನೆ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದರು. ತ್ರೀ ಫೇಜ್ ಮೀಟರು ಕಟ್ಟಡದ ಒಂದು ತುದಿಯಲ್ಲಿ ಕೂತಿತ್ತು, ಮಷಿನ್ನು ಇನ್ನೊಂದು ತುದಿಯ ಕೋಣೆಯ ಹಿಂದಿನ ಗೋಡೆಗೆ. ನಡುವೆ ಕೇಬಲ್ಲು ಎಳೆದರೆ ಮುಗಿಯಿತು. ಆ ದಿನ ಅಕ್ಷಯ ತೃತೀಯಾ, ಪಂಚಾಂಗ ನೋಡುವ ಅಗತ್ಯವಿಲ್ಲದ ಒಳ್ಳೆಯ ದಿನ. ಸಂಜೆ ಶೆಟ್ಟರು ಬಂದು ಮಷಿನ್ನಿನ ರೊಟ್ಟಿ ತಿಂದು ನೋಡಿ ತಮ್ಮ ಮೂರೂ ಹೋಟೆಲ್ಲಿಗೆ ಆರ್ಡರ್ ಕೊಡುವುದೆಂದು ಮಾತಾಗಿತ್ತು. ಮಷಿನ್ನು ತಿರುಗಿತೋ, ನಾಳೆಯಿಂದ ಗುರಣ್ಣ ಸೂರ್ಯ ಬರುವ ತನಕ ಮಲಗಬಹುದು. ತಿರುಗದಿದ್ದರೆ ಶೆಟ್ಟರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ಮಷಿನ್ನು ಮೂಲೆ ಸೇರುತ್ತದೆ, ಗುರಣ್ಣ ಪರದೆಯ ಹಿಂದೆಯೇ ಮುದುಕನಾಗುತ್ತಾನೆ.

ಬೆಳಿಗ್ಗೆಯೇ ಸ್ಕೂಟರು ಹತ್ತಿ ಅವನು ತಪಕೀರ ಗಲ್ಲಿಗೆ ಹೋದ. ಪುಣೆಯಲ್ಲಿ ತಂತಿಗೆ ಸಂಬಂಧಪಟ್ಟದ್ದೆಲ್ಲ ಸಿಗುವುದು ಅಲ್ಲಿ. ಮೊದಲು ಕಂಡ ಅಂಗಡಿಯ ಮುಂದೆ ದೊಡ್ಡ ಬೋರ್ಡು: 'ಕತ್ತರಿಸಿದ ಕೇಬಲ್ ವಾಪಸು ತೆಗೆದುಕೊಳ್ಳುವುದಿಲ್ಲ. ಕಾರಣ ಕೇಳಬಾರದು. ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಮುಚ್ಚಿರುತ್ತದೆ. ಬಾಗಿಲು ಬಡಿದರೆ ಐದಕ್ಕೆ ತೆರೆಯುತ್ತದೆ.' ಒಳಗೆ ಕೂತಿದ್ದ ಮಾಲೀಕ ಆ ಬೋರ್ಡಿಗೆ ತಕ್ಕ ಮುಖದವನು. ತಲೆ ಎತ್ತದೆ ಮರಾಠಿಯಲ್ಲಿ ಕೇಳಿದ, ಎಷ್ಟು ಕೋರು, ಅಂದರೆ ಒಳಗೆ ಎಷ್ಟು ತಂತಿ, ಎಷ್ಟು ದಪ್ಪ, ತಾಮ್ರವೋ ಅಲ್ಯುಮಿನಿಯಮ್ಮೋ, ಎಷ್ಟು ಉದ್ದ.

ನಾಲ್ಕು ಪ್ರಶ್ನೆಯಲ್ಲಿ ಗುರಣ್ಣನಿಗೆ ಉತ್ತರ ಗೊತ್ತಿದ್ದದ್ದು ಒಂದಕ್ಕೆ. ಮೂರು ಕೋರು ಎಂದ. ದಪ್ಪ ಎಷ್ಟು ಎಂದಾಗ ಮಧ್ಯಮ ಎಂದ. ಉದ್ದಕ್ಕೆ ಹೆಂಡತಿಗೆ ಫೋನು ಹಚ್ಚಿದ.

"ಸಾಬವ್ವಾ, ಮೀಟರಿನಿಂದ ಮಷಿನ್ ತನಕಾ ಎಷ್ಟ್ ಉದ್ದ ಆಗ್ತದ, ಅಳದ ಹೇಳ."

"ಯಾತರಲೆ ಅಳೀಲ್ರಿ? ಮನ್ಯಾಗ ಟೇಪ್ ಇಲ್ಲ."

"ಏನರೆ ತಗೊಂಡ ಅಳಿ. ಇಲ್ಲೆ ಸಾಹೇಬ್ರು ಸಿಟ್ಟಾಗ್ಯಾರ."

ಸಾಬವ್ವ ಕೈಗೆ ಸಿಕ್ಕಿದ್ದರಿಂದ ಅಳೆದಳು. ಹಗ್ಗದ ಮೇಲೆ ಒಣಗುತ್ತಿದ್ದ ಸೀರೆ ತೆಗೆದು, ಒಂದು ತುದಿಯನ್ನು ಮೀಟರ್ ಕೋಣೆಯ ಬಾಗಿಲಿಗೆ ಸಿಕ್ಕಿಸಿ, ಹಾಸಿಕೊಂಡು ಹೋಗಿ ಫೋನಿನಲ್ಲಿ ಹೇಳಿದಳು. "ಬರೋಬ್ಬರಿ ಮೂರ್ ಸೀರಿ ಆಗ್ತದ ನೋಡ್ರಿ."

ಗುರಣ್ಣ ಸಂಕೋಚದಿಂದ ಮೂರು ಸೀರೆ ಎಂದ. ಮಾಲೀಕ ಮೊದಲ ಸಲ ತಲೆ ಎತ್ತಿ ನೋಡಿದ. ನಗಲಿಲ್ಲ, ಅದು ಅವನ ಸ್ವಭಾವದಲ್ಲಿರಲಿಲ್ಲ. ಮನಸ್ಸಿನಲ್ಲೇ ಗಜವನ್ನು ಮೀಟರಿಗೆ ತಿರುಗಿಸಿ, ಹಬ್ಬದ ಲೆಕ್ಕಕ್ಕೆ ಒಂದು ಗೇಣು ಜಾಸ್ತಿ ಬಿಟ್ಟು, ಕತ್ತರಿಸಿ ಸುತ್ತಿ ಕೊಟ್ಟ.

ಗುರಣ್ಣ ಕೇಬಲ್ಲು ತಂದಾಗ ಅಮರ ಸೊಸೈಟಿಯ ಎದುರಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡೇ ಬಂದು, ಸುರುಳಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇದಲ್ಲ ಕಾಕಾ. ನೂಟ್ರಲ್ ಎಲ್ಲೆದ ಇದರಾಗ?" ಎಂದು ಹೇಳಿ, ಫೋನಿನಲ್ಲಿ ಮಾತು ಮುಂದುವರಿಸುತ್ತ ಹೊರಟುಹೋದ.

ನೂಟ್ರಲ್ ಎಂದರೆ ಯಾರು, ಎಲ್ಲಿರುತ್ತಾನೆ ಎಂದು ತಿಳಿಯದೆ ಗುರಣ್ಣ ನಿಂತಿದ್ದಾಗ ಆಪಟೆಯವರು ಬಂದರು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಹುಟ್ಟಿದ್ದು ಬೆಳಗಾವಿಯಲ್ಲಾದ್ದರಿಂದ ಗುರಣ್ಣನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ಮತ್ತು ಯಾರೂ ಕೇಳದಿದ್ದರೂ ಮಾತಾಡುತ್ತಿದ್ದರು.

"ಗುರಣ್ಣಾ, ಮೂರು ತಂತೀಲೆ ಕರೆಂಟ್ ಬರ್ತದ. ಬಂದದ್ದು ತಿರುಗಿ ಹೋಗಾಕ ಹಾದಿ ಬ್ಯಾಡೇನು? ಆ ಹಾದಿಗೆ ನೂಟ್ರಲ್ ಅಂತಾರ. ಮಷಿನ್ನಿನ ಮೋಟರಿಗೆ ಮೂರು ಸಾಕು ಖರೆ, ಆದ್ರ ಅದರ ಬಟನ್ನು, ಗ್ಯಾಸ್ ಹತ್ತಸೋ ಡಬ್ಬಿ, ಸಣ್ಣ ದೀಪ, ಅದಕ್ಕೆಲ್ಲ ನೂಟ್ರಲ್ ಬೇಕೇಬೇಕು. ನಿಮಗ ಬೇಕಾದದ್ದು ಮೂರೂವರಿ ಕೋರ್."

"ಮೂರೂವರೀ ಅಂದ್ರ?" ಗುರಣ್ಣನಿಗೆ ತಮಾಷೆ ಮಾಡುತ್ತಿದ್ದಾರೆ ಅನ್ನಿಸಿತು. "ಅರ್ಧ ತಂತಿ ಯಾವ ದೇಶದಾಗ ಅದರಿ?"

"ಅಹೋ, ಇವತ್ತೇನು ದಿವಸ? ಅಕ್ಷಯ ತೃತೀಯಾ. ವರ್ಷಕ್ಕ ಮುಹೂರ್ತ ಎಷ್ಟು? ಮೂರೂವರಿ. ನಮ್ಮ ಮಹಾರಾಷ್ಟ್ರದಾಗ ದೇವೀ ಪೀಠ ಎಷ್ಟು? ಮೂರೂವರಿ. ದೇವಿಗೇ ಅರ್ಧ ನಡೀತದಂದ್ರ ನಿಮ್ಮ ರೊಟ್ಟಿ ಮಷಿನ್ನಿಗೆ ನಡೆಂಗಿಲ್ಲೇನು? ನೂಟ್ರಲ್ನಾಗ ಕರೆಂಟ್ ಕಡಿಮಿ ಹರೀತದ, ಅದಕ್ಕ ಆ ತಂತಿ ಅರ್ಧ ದಪ್ಪ ಇರ್ತದ. ಡಿಪೋದಾಗ ನಾವು ಇದನ್ನೇ ಹಾಕ್ತಿದ್ವಿ. ನಡೀರಿ, ನಾನೂ ಬರ್ತೀನಿ."

ದೇವಿಯ ಹೆಸರು ಬಂದ ಮೇಲೆ ಗುರಣ್ಣ ಎದುರು ಮಾತಾಡಲಿಲ್ಲ. ಆಪಟೆಯವರನ್ನು ಹಿಂದೆ ಕೂರಿಸಿಕೊಂಡು ಮತ್ತೆ ತಪಕೀರ ಗಲ್ಲಿಗೆ ಬಂದ. ಮೂರೂವರೆ ಕೋರ್ ಎಂದು ಕೇಳಿದ್ದಕ್ಕೆ ಮಾಲೀಕ ಯಾವುದಕ್ಕೆ ಎಂದ. ಆಪಟೆಯವರು ಎದೆ ಉಬ್ಬಿಸಿ ತಮ್ಮ ಡಿಪೋದಲ್ಲಿ ಇದನ್ನೇ ಹಾಕುತ್ತಿದ್ದೆವು ಎಂದರು. ಅಲ್ಲಿ ಏನು ನಡೆಯುತ್ತಿತ್ತು ಎಂದು ಮಾಲೀಕ ಕೇಳಿದ. ಕ್ರೇನು ಎಂದರು ಆಪಟೆ. ಇಲ್ಲಿ ಏನು ನಡೆಸಬೇಕು ಎಂದು ಕೇಳಿದ. ರೊಟ್ಟಿ ಎಂದ ಗುರಣ್ಣ. ಮಾಲೀಕ ಇಬ್ಬರ ಮುಖವನ್ನೂ ಒಂದು ಕ್ಷಣ ನೋಡಿ, ಬೋರ್ಡಿನ ಕಡೆ ಬೆರಳು ತೋರಿಸಿ, ಮೂರು ಸೀರೆಯಷ್ಟೇ ತಾನೆ ಎಂದು ಖಚಿತ ಮಾಡಿಕೊಂಡು ಗರಗಸ ತೆಗೆದ.

ಮೂರೂವರೆ ಕೋರು ಸಣ್ಣ ಅಳತೆಯಲ್ಲಿ ಬರುವುದೇ ಇಲ್ಲವೆಂದು ಆಮೇಲೆ ತಿಳಿಯಿತು. ಬಂದದ್ದು ಒನಕೆಯಷ್ಟು ದಪ್ಪದ, ಮೇಲೆ ಉಕ್ಕಿನ ಕವಚ ತೊಟ್ಟ ಸುರುಳಿ. ಅದನ್ನು ಸ್ಕೂಟರಿಗೆ ಹಾಕಲು ಮೂರು ಜನ ಬೇಕಾದರು. ಆಪಟೆಯವರು ಅದರ ನಡುವೆ ತೂರಿಕೊಂಡು, ಬಾವಿಯ ಕಟ್ಟೆಯೊಳಗೆ ಇಳಿದವರ ಹಾಗೆ ಕೂತರು. ಕರ್ವೆ ರೋಡಿನ ಸಿಗ್ನಲ್ಲಿನಲ್ಲಿ ಕಟ್ಟಿದ ಹುರಿ ಹರಿಯಿತು. ಸುರುಳಿ ಸಡಿಲಗೊಂಡು ಚಿಮ್ಮಿ, ಅದರ ತುದಿ ಪಕ್ಕದ ರಿಕ್ಷಾದೊಳಗೆ ಹೋಗಿ, ಆಮ್ರಸಕ್ಕೆಂದು ಹಾಪೂಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸಿನ ಮಾವಿನಹಣ್ಣಿಗೆ ಚುಚ್ಚಿತು. ಆಕೆ ಪುಣೇರಿ ಮರಾಠಿಯಲ್ಲಿ, ಒಂದೂ ಕೆಟ್ಟ ಮಾತಿಲ್ಲದೆ, ಇಬ್ಬರನ್ನೂ ಹಸಿರು ದೀಪ ಬೀಳುವ ತನಕ ಬೈದಳು. ಆಪಟೆಯವರು ಸುರುಳಿಯೊಳಗಿಂದಲೇ ಕೈಮುಗಿದರು.

ಅಮರ ಮತ್ತೆ ಬಂದ. ಫೋನು ಅದೇ ಭುಜದ ಮೇಲಿತ್ತು. "ಇದಲ್ಲ ಕಾಕಾ," ಎಂದು ಮಷಿನ್ನಿನ ಹಿಂದಿನ ಡಬ್ಬಿಯ ಹೆಬ್ಬೆರಳಗಲದ ತೂತು ತೋರಿಸಿದ. "ಇದರಾಗ ಅದು ಹೋಗ್ತದೇನು?" ಹೋಗುವುದಿಲ್ಲ ಎಂದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಆಪಟೆಯವರು ತೂತನ್ನೇ ದೊಡ್ಡದು ಮಾಡಿದರೆ ಹೇಗೆ ಎಂದರು. ಅಮರ ಆಗಲೇ ಗೇಟು ದಾಟಿದ್ದ.

ಅಷ್ಟರಲ್ಲಿ ಒಂದು ಗಂಟೆಯಾಗಿ ತಪಕೀರ ಗಲ್ಲಿಯ ಅಂಗಡಿ ನಿದ್ದೆಗೆ ಬಾಗಿಲು ಹಾಕಿತ್ತು. ಸಾಬವ್ವ ಕಾಯಿ, ಕರ್ಪೂರ, ಕುಂಕುಮ ತಟ್ಟೆಯಲ್ಲಿಟ್ಟುಕೊಂಡು ಕೋಣೆಯ ಹೊಸ್ತಿಲ ಮೇಲೆ ಕೂತಿದ್ದಳು. ಗಂಡನನ್ನು ನೋಡಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಮೇಲಿನ ಮಹಡಿಯಿಂದ ಸುಖೇಶ್ ಇಳಿದು ಬಂದ. ಬೆಂಗಳೂರಿನ ಹುಡುಗ, ಹಿಂಜೆವಾಡಿಯ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ, ಅಂದರೆ ದಿನದ ಬಹುಭಾಗ ಬಾಲ್ಕನಿಯಿಂದ ಕೆಳಗಿನವರ ಸಮಸ್ಯೆ ನೋಡುತ್ತಿದ್ದ. "ಅಂಕಲ್, ಯಾಕೆ ಗೆಸ್ ಮಾಡ್ತೀರಾ, ಇದಕ್ಕೆ ಕ್ಯಾಲ್ಕುಲೇಟರ್ ಇದೆ," ಎಂದು ಫೋನು ತೆಗೆದ. "ಲೋಡ್ ಎಷ್ಟು?"

"ದಿನಕ್ಕ ಮುನ್ನೂರು ರೊಟ್ಟಿ."

"ಅದಲ್ಲ ಅಂಕಲ್, ಕಿಲೋವಾಟ್."

"ಕಿಲೋ ಅಂದ್ರ ಒಂದ್ ಕಿಲೋಕ್ಕ ಹದಿನಾರು ಹದಿನೇಳು ರೊಟ್ಟಿ ಕೂಡ್ತಾವಪಾ."

ಸುಖೇಶ್ ಮಷಿನ್ನಿನ ಮೇಲಿನ ಪಟ್ಟಿ ತಾನೇ ಓದಿಕೊಂಡ. ಬೆರಳಾಡಿಸಿ, ಹುಬ್ಬು ಗಂಟಿಕ್ಕಿ, ಕೊನೆಗೆ ಐದು ಕೋರ್ ಎಂದ. ಮೂರು ಫೇಜು, ಒಂದು ನೂಟ್ರಲ್, ಒಂದು ಅರ್ತಿಂಗು. ಅರ್ತಿಂಗ್ ಇಲ್ಲದಿದ್ದರೆ ಮಷಿನ್ನು ಮುಟ್ಟಿದವರು ಕೈ ಬಿಡುವುದಿಲ್ಲ ಎಂದೂ ಹೇಳಿದ. ಆಪಟೆಯವರಿಗೆ ಅವಮಾನವಾಯಿತು. ಭಾರತದ ಸೈನ್ಯ ಮೂರೂವರೆಯಲ್ಲಿ ನಡೆದದ್ದು ಕೋಥರೂಡಿಗೆ ಸಾಲದೇ ಎಂದರು. ಸುಖೇಶ್ ಸೈನ್ಯದ ಬಗ್ಗೆ ತನಗೆ ಗೌರವವಿದೆ, ಆದರೆ ಆ್ಯಪು ಸುಳ್ಳು ಹೇಳುವುದಿಲ್ಲ ಎಂದ. ಪಾರ್ಕಿಂಗಿನಲ್ಲಿ ಕಾರು ಒರೆಸುತ್ತಿದ್ದವರೂ ಬಂದು ಸೇರಿ, ಅರ್ಧ ಜನ ಮೂರೂವರೆಯ ಕಡೆ, ಅರ್ಧ ಜನ ಐದರ ಕಡೆ ನಿಂತರು.

ಗುರಣ್ಣ ಅಡತಿಯಲ್ಲಿ ಎರಡು ಪಾರ್ಟಿ ದರಕ್ಕೆ ಜಗ್ಗಾಡುವಾಗ ಏನು ಮಾಡುತ್ತಿದ್ದನೋ ಅದನ್ನೇ ಇಲ್ಲೂ ಮಾಡಿದ. ಎರಡನ್ನೂ ಕೂಡಿಸಿ ಅರ್ಧ ಮಾಡಿದ. "ನಾಲ್ಕೂಕಾಲು ಕೋರ್ ಅಂತ ಸಿಗ್ತದೇನ್ರಿ?" ಎಂದು ಕೇಳಿದ. ಎರಡೂ ಪಕ್ಷದವರು ಒಂದಾಗಿ ಅವನನ್ನು ನೋಡಿ ನಕ್ಕರು.

ಆಗ ಗುರಣ್ಣನಿಗೆ ಸಿಟ್ಟು ಬಂತು. ಬಹಳ ದಿನಗಳ ಮೇಲೆ ಬಂದದ್ದರಿಂದ ಜೋರಾಗಿಯೇ ಬಂತು. ಎದುರಿನ ಕಟ್ಟಡಕ್ಕೆ ನೆಟ್ಟಗೆ ನಡೆದು, ಹೊರಗೆ ನಿಲ್ಲಿಸಿದ್ದ ಅಮರನ ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಅದರ ಮೇಲೇ ಕೂತ. ಅಮರ ಕೆಳಗಿಳಿದು ಬಂದು ಫೋನನ್ನು ಮೊದಲ ಸಲ ಕೈಗೆ ತೆಗೆದುಕೊಂಡ.

"ಯಾವ ಕೇಬಲ್ ಬೇಕು ಅನ್ನೂದನ್ನ ಪೂರ್ತಿ ಹೇಳಿದ ಮ್ಯಾಲೆ ಕೀಲಿ," ಎಂದ ಗುರಣ್ಣ.

"ನಾಲ್ಕು ಕೋರ್, ತಾಮ್ರದ್ದು, ದಪ್ಪ ಆರು ಸ್ಕ್ವೇರಿಂದು. ಮೂರು ಫೇಜು, ಒಂದು ನೂಟ್ರಲ್. ಅರ್ತಿಂಗಿಗೆ ಬ್ಯಾರೆ ತಂತಿ ನನ್ನ ಕಡೆನ ಅದ, ನಾ ಹಾಕ್ತೀನಿ." ಅಮರನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಇದನ್ನ ಮುಂಜಾನೇನ ಕೇಳಿದ್ರ ಹೇಳ್ತಿದ್ನೆಲ್ಲ ಕಾಕಾ. ನೀವು ಕೇಳಲೇ ಇಲ್ಲ."

ನಾಲ್ಕು ಹೊಡೆಯುವ ಮೊದಲೇ ಗುರಣ್ಣ ಅಂಗಡಿಯ ಮುಂದಿದ್ದ, ಬಾಗಿಲು ಬಡಿಯದೆ ಕಾದ. ಮಾಲೀಕ ಬಾಗಿಲು ತೆರೆದು ಅವನನ್ನು ನೋಡಿ, ಈ ಸಲ ಏನು ಎಂದೂ ಕೇಳಲಿಲ್ಲ. ಗುರಣ್ಣ ಪಾಠ ಒಪ್ಪಿಸುವವನಂತೆ ನಾಲ್ಕು ಕೋರ್, ತಾಮ್ರ, ಆರು ಸ್ಕ್ವೇರ್ ಎಂದ. ಮೂರು ಸೀರೆ ಎಂದು ಮಾಲೀಕನೇ ಸೇರಿಸಿದ. ಹಿಂದಿರುಗುವಾಗ ಗುರಣ್ಣ ಸ್ಕೂಟರಿನ ಮೇಲೆ ಹಾಡು ಗುನುಗಿದ. ನಾಳೆ ಬೆಳಿಗ್ಗೆ ತಾನು ಮಗ್ಗುಲು ಬದಲಿಸಿ ಮಲಗುವುದನ್ನು ನೆನೆದು ಅವನಿಗೆ ಸುಖವಾಯಿತು.

ಅಮರ ತುದಿ ನೋಡಿದ, ಈ ಸಲ ಇದಲ್ಲ ಅನ್ನಲಿಲ್ಲ. ಮೀಟರಿನಿಂದ ಎಳೆದುಕೊಂಡು ಬಂದ. ಕೇಬಲ್ಲು ಗೋಡೆಗುಂಟ ಬಂದು, ಕೋಣೆಯ ಬಾಗಿಲು ದಾಟಿ, ಒಳಗೆ ಒಂದೇ ಮಾರು ಬಂದು ನಿಂತುಬಿಟ್ಟಿತು. ಮಷಿನ್ನು ಹಿಂದಿನ ಗೋಡೆಗೆ, ಅಲ್ಲಿಂದ ಇನ್ನೂ ಒಂದು ಸೀರೆಯಷ್ಟು ದೂರ ಕೂತಿತ್ತು.

"ಮೂರು ಸೀರಿ ಅಂದಿದ್ದೆಲ್ಲ," ಎಂದು ಗುರಣ್ಣ ಹೆಂಡತಿಯ ಕಡೆ ತಿರುಗಿದ.

"ಮೂರ ಆಗಿದ್ದು. ಈಗೂ ಬೇಕಾದ್ರ ಹಾಸಿ ತೋರಸ್ತೀನಿ." ಸಾಬವ್ವ ಕಚ್ಚೆ ಹಾಕಿ ಉಟ್ಟ ಸೀರೆಯ ಸೆರಗು ಎತ್ತಿ ತೋರಿಸಿದಳು.

ನೋಡಿದ ಕೂಡಲೆ ಆಪಟೆಯವರು ಹಣೆ ಬಡಿದುಕೊಂಡರು. "ವಹಿನೀ, ನಿಮ್ಮದು ಒಂಬತ್ತು ವಾರಿ ಸೀರಿ, ಒಂಬತ್ತು ಗಜದ್ದು. ಅಂಗಡಿಯಂವಾ ಆರು ವಾರಿ ಲೆಕ್ಕ ಹಿಡದಾನ. ಈಗಿನ ಕಾಲದಾಗ ಪುಣ್ಯಾದಾಗ ಒಂಬತ್ತು ವಾರಿ ಉಡವ್ರು ಯಾರದಾರ?" ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಸೀರೆ ಎಷ್ಟು ಉದ್ದ ಎಂದು ಗುರಣ್ಣ ಒಮ್ಮೆಯೂ ಯೋಚಿಸಿದವನಲ್ಲ. ಅದಕ್ಕೆ ಈಗ ನಾಚಿಕೆಯಾಯಿತು.

ನಡುವೆ ಜೋಡಿಸಿ ಉದ್ದ ಮಾಡು ಎಂದರೆ ಅಮರ ಒಪ್ಪಲಿಲ್ಲ. ತ್ರೀ ಫೇಜಿನಲ್ಲಿ ತೇಪೆ ಹಾಕಿದ ಕೇಬಲ್ಲಿಗೆ ನಾನು ಕೈ ಹಚ್ಚುವುದಿಲ್ಲ, ಬೆಂಕಿ ಬಿದ್ದರೆ ಯಾರು ಜವಾಬ್ದಾರಿ ಎಂದ. ಇನ್ನೊಮ್ಮೆ ತಪಕೀರ ಗಲ್ಲಿಗೆ ಹೋಗಲು ಹೊತ್ತಿರಲಿಲ್ಲ, ಗೇಟಿನಲ್ಲಿ ಸದಾನಂದ ಶೆಟ್ಟರ ಬಿಳಿ ಕಾರು ತಿರುಗುತ್ತಿತ್ತು.

ದಾರಿ ತೋರಿದವಳು ಸಾಬವ್ವ. "ಕೇಬಲ್ ಅದರ ಕಡೆ ಹೋಗದಿದ್ರ ಅದು ಕೇಬಲ್ಲಿನ ಕಡೆ ಬರ್ಲಿ. ಎಲ್ಲಾರೂ ಕೈ ಹಚ್ಚ್ರಿ." ಮೂರೂವರೆಯವರು, ಐದರವರು ಎಲ್ಲರೂ ಸೇರಿ ಹೆಗಲು ಕೊಟ್ಟು ಮಷಿನ್ನನ್ನು ನೂಕಿದರು. ಅದು ನೆಲ ಗೀಚುತ್ತ ಬಂದು, ಕೋಣೆಯ ಬಾಯಲ್ಲಿ, ಶಟರಿನ ಅಂಚಿಗೆ, ರಸ್ತೆಗೆ ಮುಖ ಮಾಡಿ ನಿಂತಿತು. ಹೋಗುವವರು ಬರುವವರು ನಿಂತು ನೋಡತೊಡಗಿದರು.

ಕಾಯಿ ಒಡೆದರು. ಅಮರ ತಂತಿ ಕಟ್ಟಿ, ಅರ್ತಿಂಗ್ ಬಿಗಿದು, ಬಟನ್ನು ಒತ್ತಿದ. ಮಷಿನ್ನು ಗುರ್ ಎಂದು ಎದ್ದಿತು. ಸಾಬವ್ವ ಹಿಟ್ಟು ನೀರು ಹಾಕಿದಳು. ಎಲ್ಲರೂ ರೊಟ್ಟಿ ಬರುವ ಕಡೆ ನೋಡುತ್ತಿದ್ದರೆ, ಹಿಟ್ಟು ಹಾಕುವ ಕಡೆಯಿಂದ ಉಂಡೆಗಳು ಒಂದರ ಹಿಂದೆ ಒಂದು ಹಾರಿ ಬಂದವು. ಮೊದಲನೆಯದು ಆಪಟೆಯವರ ಹೊಟ್ಟೆಗೆ ಬಡಿಯಿತು, ಎರಡನೆಯದನ್ನು ಸುಖೇಶ್ ಕ್ಯಾಚ್ ಹಿಡಿದ. ಮಷಿನ್ನು ಹಿಂದುಮುಂದಾಗಿ ತಿರುಗುತ್ತಿತ್ತು.

"ಯಾರೂ ಹೆದರಬ್ಯಾಡ್ರಿ," ಎಂದು ಅಮರ ಬಂದ್ ಮಾಡಿ, ಮೂರು ಫೇಜಿನಲ್ಲಿ ಎರಡು ತಂತಿಯ ಜಾಗ ಅದಲು ಬದಲು ಮಾಡಿದ. ಮತ್ತೆ ಬಟನ್ನು ಒತ್ತಿದಾಗ ಮಷಿನ್ನು ಒಳ್ಳೆಯ ಮಗನಂತೆ ಮುಂದಕ್ಕೆ ತಿರುಗಿತು. ಹಿಟ್ಟು ನಾದಿತು, ಉಂಡೆ ಕತ್ತರಿಸಿತು, ಒತ್ತಿತು, ಬೇಯಿಸಿತು. ಕೈವಾರದಿಂದ ಬರೆದಂಥ ದುಂಡನೆ ರೊಟ್ಟಿ ಆಚೆಯಿಂದ ಜಾರಿ ತಟ್ಟೆಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಗುರಣ್ಣನ ಕಣ್ಣಲ್ಲಿ ನೀರು ಬಂತು, ಅದನ್ನು ಅವನು ಒರೆಸಿಕೊಳ್ಳಲೂ ಇಲ್ಲ.

ಶೆಟ್ಟರು ಬಿಸಿ ರೊಟ್ಟಿ ಮುರಿದರು. ಶೇಂಗಾ ಚಟ್ನಿ ಹಚ್ಚಿಕೊಂಡು ಅಗಿದರು. ಎರಡನೆಯ ತುಂಡನ್ನೂ ಅಗಿದರು. ಸೊಸೈಟಿಯೆಲ್ಲ ಅವರ ಬಾಯನ್ನೇ ನೋಡುತ್ತಿತ್ತು.

"ಒಳ್ಳೇದುಂಟು," ಎಂದರು. ಗುರಣ್ಣ ಉಸಿರು ಬಿಟ್ಟ. "ಆದ್ರೆ ಅಕ್ಕಾ, ಇದು ನೀವು ನಮ್ಮ ಹೋಟ್ಲಿಗೆ ಕಳಿಸ್ತಿದ್ದ ರೊಟ್ಟಿ ಅಲ್ಲ ಅಲ್ವಾ. ಮಷಿನಿನ ರೊಟ್ಟಿ ನನಗೆ ಎಲ್ಲಿ ಬೇಕಾದ್ರೂ ಸಿಗ್ತದೆ ಮಾರಾಯ್ರೆ. ನಮ್ಮ ಗಿರಾಕಿಗಳು ಕೇಳುದು ಆ ಕೈರೊಟ್ಟಿ. ಅದ್ರ ಮೇಲೆ ಬೆರಳಿನ ಗುರ್ತು ಇರ್ತದಲ್ಲ, ಅದು ನೋಡಿಯೇ ತಗೊಳ್ತಾರೆ. ಅದೇ ಬೇಕು, ಮೂರೂ ಹೋಟ್ಲಿಗೆ."

ಸಾಬವ್ವನಿಗೆ ಬಡಿಯಲು ಆಗುವುದಿಲ್ಲ, ಇಲ್ಲ ಅನ್ನುತ್ತಾಳೆ, ಆರ್ಡರ್ ಹೋದರೆ ಹೋಗಲಿ, ಬಿಡಿ ಗಿರಾಕಿಗಳಿಗೆ ಈ ಮಷಿನ್ನು ಸಾಕು ಎಂದು ಗುರಣ್ಣ ಮನಸ್ಸಿನಲ್ಲಿ ಬಸವಣ್ಣನಿಗೆ ಹರಕೆ ಹೊತ್ತ.

"ನನ್ನ ಭುಜಾ ಏಳೂದಿಲ್ಲಣ್ಣಾ," ಎಂದಳು ಸಾಬವ್ವ.

"ಅಯ್ಯೋ, ಹಾಗಾದ್ರೆ ಇಷ್ಟು ದಿನ?"

ಸಾಬವ್ವ ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ಯಾರೂ ಕೇಳಿರಲಿಲ್ಲ, ಹೇಳಿರಲಿಲ್ಲ ಅಷ್ಟೇ. "ಆ ಬೆರಳು ಇವರವು," ಎಂದು ಗಂಡನನ್ನು ತೋರಿಸಿದಳು. ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು, ಅದು ಗುರಣ್ಣನಿಗೂ ಕೇಳಿಸಿತು. ಅದರಿಂದ ಅವನಿಗೆ ಓಡಿಹೋಗಲು ಇನ್ನೂ ಕಷ್ಟವಾಯಿತು.

ರಸ್ತೆಯಲ್ಲಿ ನಿಂತವರು, ಗೇಟಿನಲ್ಲಿ ನಿಂತವರು, ಬಾಲ್ಕನಿಯಲ್ಲಿ ನಿಂತವರು ಎಲ್ಲರೂ ಗುರಣ್ಣನ ಕೈ ನೋಡಿದರು. ಅವನು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಸುಖೇಶ್ ಆಗಲೇ ವಿಡಿಯೋ ಮಾಡುತ್ತಿದ್ದ.

ಶೆಟ್ಟರ ಮುಖ ಅರಳಿತು. ಮೂವತ್ತು ವರ್ಷ ಹೋಟೆಲ್ಲು ನಡೆಸಿದವರಿಗೆ ಗಿರಾಕಿ ಯಾವುದಕ್ಕೆ ಬರುತ್ತಾನೆಂಬುದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. "ಇದು ಚಂದ ಆಯ್ತಲ್ಲ ಮಾರಾಯ್ರೆ. ಮೀಸೆಯ ಗಂಡಸು ಕೂತು ರೊಟ್ಟಿ ಬಡಿಯುದು ಇಡೀ ಪುಣೆಯಲ್ಲಿ ಎಲ್ಲಿಯೂ ಇಲ್ಲ. ಒಳಗೆ ಯಾಕೆ ಬಡಿಯುದು? ಇಲ್ಲಿಯೇ ರಸ್ತೆ ಬದಿಗೆ ಕೂತ್ಕೊಳ್ಳಿ, ಜನ ನೋಡ್ಲಿ. ಲೈವ್ ಕೌಂಟರ್. ದಿನಾ ಸಂಜೆ ಇಲ್ಲಿ, ಬೆಳಿಗ್ಗೆದು ನನ್ನ ಹೋಟ್ಲಿಗೆ."

"ಮಷಿನ್ ಅದಲ್ರಿ," ಎಂದ ಗುರಣ್ಣ.

"ಮಷಿನ್ ಹಿಟ್ಟು ನಾದ್ತದ," ಎಂದಳು ಸಾಬವ್ವ. ಆಕೆಯ ತಲೆಯಲ್ಲಿ ಆಗಲೇ ಲೆಕ್ಕ ಓಡತೊಡಗಿತ್ತು. "ಇಷ್ಟು ದಿವಸ ನಾದೂದ್ರಾಗ ನಿಮ್ಮ ಅರ್ಧ ಹೊತ್ತು ಹೋಗ್ತಿತ್ತು. ಇನ್ನ ಅದು ನಾದಿ ಕೊಟ್ಟಂಗ ನೀವು ಬಡಕೋತ ಹೋದ್ರಾತು. ಮುನ್ನೂರು ಇದ್ದದ್ದು ಸಾವಿರಕ್ಕ ಹೋಗ್ತದ."

ಅಮರ ಒತ್ತುವ, ಬೇಯಿಸುವ ಭಾಗ ಬಂದ್ ಮಾಡಿದ. ಮಷಿನ್ನು ಅದಕ್ಕೆ ಒಪ್ಪಿದಂತೆ ಬರೀ ಉಂಡೆಗಳನ್ನು ಸಾಲಾಗಿ ಇಡುತ್ತಿತ್ತು. ಹೊತ್ತು ಮುಳುಗಿ ಕೋಣೆಯೊಳಗೆ ಕತ್ತಲಾಗತೊಡಗಿತು. ಶೆಟ್ಟರು ಇಲ್ಲಿ ದೀಪವೇ ಇಲ್ಲವಲ್ಲ, ರಾತ್ರಿ ಇವರ ಮುಖ ರಸ್ತೆಗೆ ಕಾಣುವುದು ಹೇಗೆ ಎಂದರು. ಅಮರ ಫೋನಿಡುವ ಜೇಬಿನಿಂದ ಹೋಲ್ಡರೊಂದನ್ನು ತೆಗೆದ.

"ಅದೇನ್ ದೊಡ್ಡ ಮಾತಲ್ರಿ ಸಾಹೇಬ್ರ. ನಾಲ್ಕು ಕೋರ್ ಎಳದೇವಿ, ನೂಟ್ರಲ್ ಬಂದದ. ಒಂದು ಫೇಜು, ಒಂದು ನೂಟ್ರಲ್ ತಗದ್ರ ಬೇಕಾದಷ್ಟು ಬಲ್ಬು ಹತ್ತಸ್ತೀನಿ, ಬರೋಬ್ಬರಿ ಕಾಕಾನ ತಲಿ ಮ್ಯಾಲೆ. ಬರೇ ಮೂರು ಕೋರ್ ಇದ್ದಿದ್ರ ಬಲ್ಬೂ ಇಲ್ಲ, ಮಷಿನ್ನೂ ಇಲ್ಲ, ಏನೂ ನಡೀತಿರಲಿಲ್ಲ."

ಬಲ್ಬು ಹತ್ತಿತು. ಅದರ ಬೆಳಕಿನಲ್ಲಿ ಗುರಣ್ಣ ನಡುರಸ್ತೆಯಲ್ಲಿ ನಿಂತವರಿಗೂ ಸ್ಪಷ್ಟವಾಗಿ ಕಂಡ. ಯಾರೋ ಅವನ ಮುಂದೆ ಮಣೆ ಹಾಕಿದರು, ಹಿಟ್ಟಿನ ತಟ್ಟೆ ಇಟ್ಟರು. ರಸ್ತೆಯ ಆಚೆಗೆ ಮಾರ್ಕೆಟ್ ಯಾರ್ಡಿನಿಂದ ಮನೆಗೆ ಹೊರಟಿದ್ದ ಅಡತಿಯ ಹಮಾಲ ಸೈಕಲ್ಲು ನಿಲ್ಲಿಸಿ ಕಣ್ಣುಜ್ಜಿಕೊಂಡು ನೋಡಿದ. ಗುರಣ್ಣ ಮಣೆಯ ಮೇಲೆ ಕೂತು, ಪಕ್ಕದಲ್ಲಿ ನಿಂತಿದ್ದ ಆಪಟೆಯವರಿಗೆ ಮಾತ್ರ ಕೇಳುವಂತೆ ಹೇಳಿದ.

"ಮುಂಜಾನೆ ನಾ ತಂದಿದ್ದ ಕೇಬಲ್ಲೇ ಬರೋಬ್ಬರಿ ಇತ್ತು."

"ಇಲ್ಲ ಗುರಣ್ಣಾ," ಎಂದರು ಆಪಟೆ, ಸಣ್ಣ ಮಕ್ಕಳಿಗೆ ಹೇಳುವ ತಾಳ್ಮೆಯಿಂದ. "ಅದು ಮೂರು ಕೋರಿಂದು. ಅದರಾಗ ನೂಟ್ರಲ್ ಇದ್ದಿದ್ದಿಲ್ಲ."

"ಅದಕ್ಕ ಅಂತೀನ್ರಿ," ಎಂದು ಗುರಣ್ಣ ಮೊದಲ ಉಂಡೆಗೆ ಕೈ ಹಾಕಿದ.